ಚೀಟಿ ಕಿತ್ತ ಡಬ್ಬಿ

2025ರ ಆಗಸ್ಟ್ 18, ಸೋಮವಾರ, ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಡಾಬಕಾ ಗ್ರಾಮದ ಕಾಂತಾಬಾಯಿ ಔರಾದ ಪೊಲೀಸ್ ಠಾಣೆಗೆ ಬಂದಳು. ವಯಸ್ಸು ಅರವತ್ತೆರಡು. ಕಸುಬು ಕುರಿ ಸಾಕಣೆ. ಗಂಟಲು ಎಂಥದೆಂದರೆ, ಅವಳು ಡಾಬಕಾದಲ್ಲಿ ನಿಂತು ಕುರಿ ಕರೆದರೆ ಗಡಿಯಾಚೆಯ ಮಹಾರಾಷ್ಟ್ರದ ಕುರಿಗಳೂ ಕತ್ತೆತ್ತಿ ನೋಡುತ್ತಿದ್ದವು. ಠಾಣೆಯ ಬಾಗಿಲಲ್ಲಿ ಅವಳು ಬಾಯಿ ತೆಗೆದ ಕೂಡಲೇ ಲಾಕಪ್ಪಿನಲ್ಲಿ ಮಲಗಿದ್ದ ಕುಡುಕನೊಬ್ಬ ಎದ್ದು ಕೂತು ಕೈ ಮುಗಿದ.

“ದೊಡ್ಡ ಸಾಹೇಬ್ರು ಯಾರಿದ್ದೀರಿ, ಹೊರಗ ಬರ್ರಿ! ಅಲ್ಲಿ ನನ್ನ ಸೊಸಿ ಉಸಿರ ಹೊಂಟದ, ಇಲ್ಲಿ ನೀವು ಫ್ಯಾನಿನ ಗಾಳಿ ತಿಂತಾ ಕುಂತೀರಿ.”

ಆ ಫ್ಯಾನಿನಿಂದ ಗಾಳಿ ತಿನ್ನುವುದು ಯಾರಿಗೂ ಸಾಧ್ಯವಿರಲಿಲ್ಲ. ಅದು ತಿರುಗುವ ವೇಗ ನೋಡಿ ನೊಣಗಳು ಅದರ ರೆಕ್ಕೆಯ ಮೇಲೆ ಸಂಸಾರ ಹೂಡಿದ್ದವು. ಹೆಡ್ ಕಾನ್‌ಸ್ಟೆಬಲ್ ಖಾಸಿಂ ಅಲಿ ಕುರ್ಚಿ ಎಳೆದು ಕೊಟ್ಟ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ಅವನ ಹೊಟ್ಟೆ ಮಾತ್ರ ಆಗಲೇ ನಿವೃತ್ತಿ ತೆಗೆದುಕೊಂಡು ಬೆಲ್ಟಿನ ಹೊರಗೆ ಆರಾಮವಾಗಿತ್ತು.

“ಆಯಿ, ಕೂಡ್ರಿ. ಮೊದಲ ನೀರ ಕುಡೀರಿ.”

“ನೀರ ಕುಡ್ಯಾಕ ಔರಾದ ತನಾ ಬರ್ಬೇಕೇನೋ ಖಾಸಿಂ? ನಮ್ಮೂರಾಗ ಬಾವಿ ಬತ್ಯಾವೇನು? ಪೆನ್ ತಗಿ, ಬರ್ಕೋ.”

ಒಳಗಿನ ಕೋಣೆಯಿಂದ ಪಿಎಸ್‌ಐ ಆಮ್ರಪಾಲಿ ಹೊರಗೆ ಬಂದಳು. ಮೂವತ್ತೆರಡು ವಯಸ್ಸು. ನಕ್ಕರೆ ಸಂಬಳ ಕಡಿಯುತ್ತಾರೆ ಎಂಬಂತೆ ಮುಖ ಇಟ್ಟುಕೊಳ್ಳುವ ಹೆಣ್ಣುಮಗಳು. ನಿಂತೇ ಪ್ರಶ್ನೆ ಕೇಳಿದಳು.

“ಸೊಸಿ ಹೆಸರೇನ್ರಿ?”

“ಸಿದ್ದೇಶ್ವರಿ. ಇಪ್ಪತ್ತಾರು.”

“ಎಲ್ಲಿ ಅದಾಳ?”

“ಬೀದರ ದವಾಖಾನ್ಯಾಗ. ನನ್ನ ಮಗ ಆಕಿ ಕಾಲ ಹಿಡ್ಕೊಂಡ ಕುಂತಾನ.”

“ಏನಾಗ್ಯದ?”

“ಕಾಶೀನಾಥನ ಪಂಪ ಹೊತ್ಕೊಂಡು ಹುಲ್ಲಿನ ಎಣ್ಣಿ ಹೊಡೆದಾಳವ್ವಾ, ಮೂರು ದಿನ. ಬೆನ್ನೆಲ್ಲ ಬೆಂದು ಬಂತು. ಈಗ ಉಸಿರ ಸಿಗ್ತಿಲ್ಲ.”

“ಏನ್ ಎಣ್ಣಿ ಅದು?”

“ಅದನ್ನ ಕೇಳಾಕೇ ಬಂದೀನಿ! ಆ ಎಣ್ಣಿ ಹೆಸರ ಅವಂಗೊಬ್ಬಂಗೇ ಗೊತ್ತು. ಡಾಕ್ಟರ ಕೇಳ್ತಾರ, ಅಂವ ಹೇಳಲ್ಲ. ಫೋನ್ ಹಚ್ಚಿದ್ರ ತಗ್ಯಲ್ಲ.”

ಹುಲ್ಲಿನ ಎಣ್ಣೆ ಎಂದರೆ ಕಳೆನಾಶಕ. ಆದರೆ ಕಾಶೀನಾಥ ಹೊಡೆಸಿದ್ದು ಕಳೆಗಲ್ಲ, ಬೆಳೆದು ನಿಂತ ಉದ್ದಿಗೆ. ಕೊಯ್ಲಿನ ಮಶೀನು ಹಸಿ ಗಿಡ ಕಂಡರೆ ಮುಷ್ಕರ ಹೂಡುತ್ತದೆ, ಹಲ್ಲಿಗೆ ಬಳ್ಳಿ ಸುತ್ತಿಕೊಂಡು ನಿಂತುಬಿಡುತ್ತದೆ. ಹೀಗಾಗಿ ಈಚೆಗೆ ಕೆಲವರು ಕಾಯಿ ಬಲಿತ ಕೂಡಲೇ ನಿಂತ ಬೆಳೆಗೆ ಕಳೆನಾಶಕ ಹೊಡೆದು ಎಲೆ ಒಣಗಿಸಿ ಮಶೀನು ಬಿಡುವ ಚಾಳಿ ಹಿಡಿದಿದ್ದರು. ಅದನ್ನು ಗುತ್ತಿಗೆ ಹಿಡಿದು ಮಾಡುವವನು ಡಾಬಕಾದ ಕಾಶೀನಾಥ. ಮನೆಯಿಂದಲೇ ಎಣ್ಣೆಯನ್ನು ನೀಲಿ ಪೀಪಾಯಿಯಲ್ಲಿ ಕಲಸಿ ತರುತ್ತಿದ್ದ. ಡಬ್ಬಿ ಯಾರಿಗೂ ತೋರಿಸುತ್ತಿರಲಿಲ್ಲ. ಕೇಳಿದರೆ “ಇದು ನನ್ನ ಮಸಾಲಿ” ಎನ್ನುತ್ತಿದ್ದ. ಮುತ್ತಜ್ಜಿ ಕೊಟ್ಟುಹೋದ ಉಪ್ಪಿನಕಾಯಿಯ ಗುಟ್ಟು ಇದ್ದ ಹಾಗೆ.

11.40ಕ್ಕೆ ಎಫ್‌ಐಆರ್ ಆಯಿತು. ಅಪರಾಧ ಸಂಖ್ಯೆ 131/2025, ಭಾರತೀಯ ನ್ಯಾಯ ಸಂಹಿತೆ ಕಲಂ 286 ಮತ್ತು 125. ವಿಷವಸ್ತುವನ್ನು ನಿರ್ಲಕ್ಷ್ಯದಿಂದ ಬಳಸಿ ಜೀವಕ್ಕೆ ಅಪಾಯ ತಂದದ್ದು.

11.50ಕ್ಕೆ ಆಮ್ರಪಾಲಿ ಬೀದರಿನ ಆಸ್ಪತ್ರೆಗೆ ಫೋನ್ ಮಾಡಿದಳು. ಎತ್ತಿದವಳು ವಾರ್ಡಿನ ನರ್ಸ್ ಫೇತ.

“ಮೇಡಂ, ಡಾಕ್ಟರ್ ಒಂದೇ ಮಾತ ಕೇಳ್ಲಕತ್ಯಾರ. ಡಬ್ಬಿ ಮ್ಯಾಲ ಏನ್ ಬರೆದದ?”

“ಪತ್ತಿ ಮಾಡ್ತೇನಿ. ಅಷ್ಟು ಜರೂರ ಏನದ?”

“ಎಣ್ಣಿ ಪ್ಯಾರಾಕ್ವಾಟ್ ಆಗಿದ್ರ ಆಕ್ಸಿಜನ್ ಕೊಡಬಾರ್ದ್ರಿ. ಆಕ್ಸಿಜನ್ ಅಂದ್ರ ಆ ವಿಷಕ್ಕ ಸೀಮಿಎಣ್ಣಿ ಹೊಯ್ದಂಗ. ಶ್ವಾಸಕೋಶ ಇನ್ನಾ ಸುಡ್ತದ. ಬ್ಯಾರೆ ಎಣ್ಣಿ ಇದ್ರ ಆಕ್ಸಿಜನ್ ಕೊಡ್ಲೇಬೇಕು. ಮೂತ್ರ ತಪಾಸಣಿ ಪುಡಿ ಮುಗದದ, ಹೈದರಾಬಾದಿನಿಂದ ಬರ್ಬೇಕು. ಈಗ ಹುಡುಗಿ ಉಸಿರಿಗಿ ಒದ್ದಾಡ್ಲಕತ್ಯಾಳ. ಕೊಡೋದೋ ಬಿಡೋದೋ, ಹೇಳ್ರಿ.”

ಆಮ್ರಪಾಲಿ ಟೋಪಿ ತೆಗೆದುಕೊಂಡಳು. ಔರಾದಿನಿಂದ ಡಾಬಕಾಕ್ಕೆ ಜೀಪು ಹೋದ ರೀತಿಗೆ ರಸ್ತೆಯ ಗುಂಡಿಗಳೇ ಹೆದರಿ ಮುಚ್ಚಿಕೊಂಡವು ಎಂದು ಖಾಸಿಂ ಅಲಿ ಆಮೇಲೆ ಹೇಳುತ್ತಿದ್ದ.

ಮಧ್ಯಾಹ್ನ 12.55. ಕಾಶೀನಾಥ ಮನೆಯಲ್ಲೇ ಇದ್ದ. ನಲವತ್ತೈದರ ಆಳು, ಬಿಳಿ ಅಂಗಿ, ಹಣೆಗೆ ವಿಭೂತಿ, ಮಾತಿನಲ್ಲಿ ಬೆಲ್ಲ. ಪಡಸಾಲೆಯ ಗೋಡೆಗೆ ರಬ್ಬರ್ ಬೂಟು, ಮೊಣಕೈವರೆಗಿನ ಕೈಗವಸು, ಕನ್ನಡಕ, ಮುಖವಾಡ ತೂಗುಹಾಕಿತ್ತು. ಮದುವೆಯ ಬೆಳ್ಳಿ ಸಾಮಾನಿನಂತೆ ತೊಳೆದು ಒರೆಸಿ ಇಟ್ಟಿದ್ದ.

“ಇವು ಯಾರವು?” ಆಮ್ರಪಾಲಿ ಕೇಳಿದಳು.

“ನನ್ನವೇರಿ. ಎಣ್ಣಿ ಕಲಸುವಾಗ ಹಾಕ್ಕೋಬೇಕಾಗ್ತದ.”

“ಹೊಡೆಯೋ ಹೆಣ್ಮಕ್ಕಳಿಗೆ?”

“ಅವ್ರು ಹಾಕ್ಕೊಳ್ಳಲ್ರಿ ಮೇಡಂ. ಶೆಕಿ ಆಗ್ತದಂತಾರ.”

ಜೀಪಿನಲ್ಲೇ ಬಂದಿದ್ದ ಕಾಂತಾಬಾಯಿ ಅಂಗಳದಿಂದಲೇ ಒದರಿದಳು. “ಕೊಟ್ಟು ನೋಡಿದ್ದೇನಲೇ ಭಾಡ್ಯಾ? ಒಂದ್ ಹರಕ ಚೀಲಾನಾದ್ರೂ ಕೊಟ್ಟಿದ್ದೇನು? ನಿನ್ನ ಕೈಗಿ ಅಂಗಿ, ನನ್ನ ಸೊಸಿ ಬೆನ್ನಿಗಿ ಬೆಂಕಿ!”

“ಎಣ್ಣಿ ಹೆಸರ ಹೇಳ್ರಿ,” ಎಂದಳು ಆಮ್ರಪಾಲಿ. “ದವಾಖಾನಿಯವರು ಕಾಯ್ಲಕತ್ಯಾರ. ಹೆಸರಿನ ಮ್ಯಾಲ ಆಕಿ ಜೀವ ಅದ.”

ಕಾಶೀನಾಥ ಒಳಗೆ ಹೋಗಿ ಅಟ್ಟದಿಂದ ಒಂದು ಲೀಟರಿನ ಖಾಲಿ ಡಬ್ಬಿ ತಂದು ಎರಡೂ ಕೈಯಿಂದ ಕೊಟ್ಟ. ಅದರ ಮೇಲೆ ಚೀಟಿ ಇತ್ತು. ಗ್ಲೈಫೋಸೇಟ್.

“ಇದೇ ನೋಡ್ರಿ. ಊರ ತುಂಬ ಹೊಡೀತಾರ. ಇದರಿಂದ ಯಾರೂ ಸತ್ತಿಲ್ಲ.”

1.10ಕ್ಕೆ ಆಮ್ರಪಾಲಿ ಆ ಹೆಸರನ್ನು ಫೇತಳಿಗೆ ಅಕ್ಷರ ಅಕ್ಷರ ಬಿಡಿಸಿ ಹೇಳಿದಳು. 1.15ಕ್ಕೆ ಸಿದ್ದೇಶ್ವರಿಯ ಮೂಗಿಗೆ ಆಕ್ಸಿಜನ್ ಹಚ್ಚಿದರು.

ಮೂರು ಗಂಟೆಗೆ ಹೊಲದ ಪಂಚನಾಮೆ. ಹೊಲ ಜ್ಞಾನೇಶ್ವರ ಎಂಬ ರೈತನದು. ಎಂಟು ಎಕರೆ ಉದ್ದು ಕೊಯ್ದಾಗಿತ್ತು. ಸುತ್ತ ಎಲ್ಲ ಕಡೆ ಶ್ರಾವಣದ ಹಸಿರು ಕಣ್ಣಿಗೆ ಹೊಡೆಯುವಂತಿದ್ದರೆ ಈ ಎಂಟು ಎಕರೆ ಮಾತ್ರ ಬಾಣಲೆಯಲ್ಲಿ ಹುರಿದ ಹಾಗೆ ಕಂದಾಗಿತ್ತು. ಬದುವಿನ ಮೇಲಿನ ಹುಲ್ಲೂ ಸುಟ್ಟಿತ್ತು. ಪಂಪು ತೊಳೆದ ಹಳ್ಳದಲ್ಲಿ ಸಣ್ಣ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಆ ನೀರು ಕುಡಿದ ಕಾಂತಾಬಾಯಿಯ ಎರಡು ಕುರಿಮರಿ ಶುಕ್ರವಾರವೇ ಸತ್ತಿದ್ದವು. ಹಳ್ಳದ ನೀರು, ಮಣ್ಣು, ಮೀನು ಬೇರೆ ಬೇರೆ ಬಾಟಲಿಯಲ್ಲಿ ತುಂಬಿ ಅರಗು ಹಾಕಿದರು. ಪ್ರಯೋಗಾಲಯದ ವರದಿ ಬರುವುದು ವಾರಗಳ ಮಾತು.

ಹೊಲದ ಕೊಟ್ಟಿಗೆಯಲ್ಲಿ ಹದಿನಾಲ್ಕು ಚೀಲ ಉದ್ದು ಹೊಲಿದು ಇಟ್ಟಿತ್ತು. ಪಕ್ಕದಲ್ಲಿ ಬಾಯಿ ಕಟ್ಟಿದ ಒಂದು ಸಣ್ಣ ಚೀಲ ಬೇರೆ.

“ಇದ್ಯಾಕ ಬ್ಯಾರೆ?” ಖಾಸಿಂ ಅಲಿ ಕೇಳಿದ.

ಜ್ಞಾನೇಶ್ವರ ಕೆಮ್ಮಿದ. “ಅದು ಮನಿಗಿರಿ. ಹೊಲದ ಮೂಲ್ಯಾಗ ನಾಕು ಸಾಲು ಎಣ್ಣಿ ಹೊಡೀದೆ ಬಿಟ್ಟಿದ್ವಿ.”

“ಮತ್ತ ಈ ಹದಿನಾಕು?”

“ಮಾರಾಕ್ರಿ.”

ಖಾಸಿಂ ಅಲಿ ಮೂವತ್ತೆಂಟು ವರ್ಷದ ನೌಕರಿಯಲ್ಲಿ ಯಾರಿಗೂ ಕೈ ಎತ್ತಿದವನಲ್ಲ. ಆ ಹೊತ್ತು ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು ಒಂದನ್ನೊಂದು ಬಲವಾಗಿ ಹಿಡಿದುಕೊಂಡ. “ದುನಿಯಾ ತಿಂದು ಸಾಯ್ಲಿ, ನಿಮ್ಮನಿ ಇಡ್ಲಿ ಮೆತ್ತಗ ಆಗ್ಲಿ. ವ್ಹಾ ಧಣಿ, ವ್ಹಾ!” ಹದಿನಾಲ್ಕು ಚೀಲವನ್ನೂ ಜಪ್ತಿ ಮಾಡಿದರು.

ಕೊಟ್ಟಿಗೆಯ ಹಿಂದೆ ಕಾಶೀನಾಥನ ನಾಲ್ಕು ಪಂಪು ಸಿಕ್ಕವು. ಮೂರನೆಯದರ ತಳದಲ್ಲಿ ಕೂದಲೆಳೆಯಷ್ಟು ಸೀಳು. ನೀರು ತುಂಬಿ ನೋಡಿದರೆ ಬೆನ್ನಿಗೆ ತಾಗುವ ಬದಿಗೆ ಹನಿ ಇಳಿಯುತ್ತಿತ್ತು. ಆ ಪಂಪಿನ ಹಿಂದೆ ಹಗ್ಗದಿಂದ ಬಿಗಿದ ಕೌದಿಯ ತುಂಡೊಂದಿತ್ತು. ಹಳೆ ಸೀರೆಗಳನ್ನು ಏಳು ಪದರ ಕೂಡಿಸಿ ಹೊಲಿದದ್ದು, ಇನ್ನೂ ಹಸಿಯಾಗಿತ್ತು. ಜೊತೆಗೆ ಎಣ್ಣೆ ಹೊಡೆದಿದ್ದ ಹೆಂಗಸರು ಹೇಳಿದರು, ಪಂಪು ಬೆನ್ನಿಗೆ ಒತ್ತುತ್ತದೆಂದು ಸಿದ್ದೇಶ್ವರಿ ಅದನ್ನು ಕಟ್ಟಿಕೊಂಡಿದ್ದಳು. ಆಗಸ್ಟ್ 12, 13, 14, ಮೂರೂ ದಿನ ಬೆಳಗಿನಿಂದ ಸಂಜೆಯವರೆಗೆ.

“ಈ ಕೌದಿ ಯಾರದು?” ಆಮ್ರಪಾಲಿ ಕೇಳಿದಳು.

ಅಷ್ಟು ಹೊತ್ತೂ ಊರೆಲ್ಲ ಕೇಳುವಂತೆ ಬೈಯುತ್ತಿದ್ದ ಕಾಂತಾಬಾಯಿ ಸುಮ್ಮನಾದಳು. ಕೌದಿಯನ್ನು ಮುಟ್ಟಲು ಕೈ ಚಾಚಿದಳು. ಖಾಸಿಂ ಅಲಿ ಮೆಲ್ಲಗೆ ಕೈ ಹಿಡಿದು ತಡೆದ.

“ನಂದವ್ವಾ,” ಎಂದಳು. “ನಾನೇ ಹೊಲದು ಕೊಟ್ಟೆ. ಕೂಸಿನ ಬೆನ್ನಿಗಿ ಮೆತ್ತಗಿರ್ಲಿ ಅಂತ.”

ಸೋರಿದ ಎಣ್ಣೆಯನ್ನು ಏಳು ಪದರವೂ ಕುಡಿದು, ಮೂರು ದಿನ ಚರ್ಮಕ್ಕೆ ಅಂಟಿ ನಿಂತಿದ್ದವು. ಬರಿ ಪಂಪಾಗಿದ್ದರೆ ಹನಿ ಜಾರಿ ನೆಲಕ್ಕೆ ಬೀಳುತ್ತಿತ್ತು. ಪಂಚನಾಮೆಯಲ್ಲಿ ಬರೆದದ್ದು ಇಷ್ಟೇ: ಹತ್ತಿ ಬಟ್ಟೆಯ ತುಂಡು ಒಂದು, ತೇವವಾದದ್ದು.

ಮರುದಿನ ಮಂಗಳವಾರ, ಆಗಸ್ಟ್ 19, ಬೆಳಿಗ್ಗೆ 9.30. ಫೇತ ಫೋನ್ ಮಾಡಿದಳು. ಆಕ್ಸಿಜನ್ ಕೊಟ್ಟರೂ ಸಿದ್ದೇಶ್ವರಿ ಸುಧಾರಿಸಿರಲಿಲ್ಲ. ರಾತ್ರಿಯಿಂದ ಇನ್ನಷ್ಟು ಕೆಟ್ಟಿತ್ತು. ಮೂತ್ರವೂ ಕಡಿಮೆಯಾಗಿತ್ತು.

ಆಮ್ರಪಾಲಿ ಕಾಶೀನಾಥ ಕೊಟ್ಟ ಡಬ್ಬಿಯನ್ನು ಮೇಜಿನ ಮೇಲಿಟ್ಟು ಚೀಟಿಯನ್ನು ತುದಿಯಿಂದ ಓದತೊಡಗಿದಳು. ಅಕ್ಷರಗಳು ಎಷ್ಟು ಸಣ್ಣವೆಂದರೆ ಇರುವೆಯೂ ಚಾಳೀಸು ಹಾಕಿಕೊಳ್ಳಬೇಕಿತ್ತು. ಮಕ್ಕಳ ಕೈಗೆ ಸಿಗದಂತೆ ಇಡಿ, ಕೆರೆ ಹಳ್ಳದ ಹತ್ತಿರ ತೊಳೆಯಬೇಡಿ, ಕೈಗವಸು ಧರಿಸಿ. ಕೊನೆಗೆ ಒಂದು ಸಾಲು: ಹತ್ತರಿಂದ ಹದಿನೈದು ದಿನಗಳಲ್ಲಿ ಕಳೆ ಹಳದಿಯಾಗಿ ಒಣಗುತ್ತದೆ.

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. “ಖಾಸಿಂ ಭಾಯಿ. ನಿನ್ನಿ ಆ ಹೆಂಗಸರು ಏನಂದ್ರು? ಉದ್ದು ಯಾವಾಗ ಒಣಗ್ತಂತ?”

“ಮುಂಜಾನಿ ಹೊಡದ್ರ ಸಂಜಿಗಿ ಬಾಡ್ತದ, ಮರುದಿನ ತಂಬಾಕ ಆಗ್ತದ ಅಂದ್ರು ಮೇಡಂ.”

“ಮರುದಿನ. ಇದರಾಗ ಹದಿನೈದು ದಿನ ಅಂತ ಬರೆದದ.”

ಖಾಸಿಂ ಅಲಿ ಬಾಯಿಗೆ ಎತ್ತಿದ್ದ ಚಹಾ ಕೆಳಗಿಟ್ಟ. “ಹರಾಮ್‌ಖೋರ. ಬ್ಯಾರೆ ಡಬ್ಬಿ ಕೊಟ್ಟಾನ.”

“ಅಂವ ಕೊಟ್ಟ. ನಾ ತಗೊಂಡೆ. ಮ್ಯಾಲಿನ ಹೆಸರಷ್ಟೇ ಓದಿದೆ, ಕೆಳಗ ಓದಲಿಲ್ಲ.” ಆಮ್ರಪಾಲಿ ಮೇಜಿಗೆ ಗುದ್ದಿದ ಹೊಡೆತಕ್ಕೆ ಫ್ಯಾನಿನ ಮೇಲಿನ ನೊಣಗಳು ಕೂಡ ಸಂಸಾರ ಬಿಟ್ಟು ಹಾರಿದವು.

ಫೇತಳಿಗೆ ಫೋನ್ ಹೋಯಿತು. ನಿನ್ನೆ ಹೇಳಿದ ಹೆಸರು ಸುಳ್ಳು, ಖರೆ ಹೆಸರು ಇನ್ನೂ ಸಿಕ್ಕಿಲ್ಲ. ಬರೀ ಅನುಮಾನದ ಮೇಲೆ ಉಸಿರಿಗೆ ಒದ್ದಾಡುವವಳ ಆಕ್ಸಿಜನ್ ಕೀಳಲು ಡಾಕ್ಟರು ಒಪ್ಪಲಿಲ್ಲ. “ಪಕ್ಕಾ ತಂದು ಕೊಡ್ರಿ ಮೇಡಂ,” ಎಂದಳು ಫೇತ. “ತಾಸಿನ ಲೆಕ್ಕ ಅದ.”

ಡಾಬಕಾದಲ್ಲಿ ಕಾಶೀನಾಥನ ಮನೆಗೆ ಬೀಗ. ಅವನ ಮೋಟರ್ ಸೈಕಲ್ ನಸುಕಿನಲ್ಲೇ ಹೋಗಿತ್ತು. ಪಕ್ಕದ ಮನೆಯವಳಿಗೆ ಅವನು ಎಣ್ಣೆಯನ್ನು ಭಾಲ್ಕಿಯಿಂದ ತರುತ್ತಾನೆ ಎಂಬುದು ಗೊತ್ತಿತ್ತು. ಅಂಗಡಿಯವನ ಹೆಸರು ಓಂಪ್ರಕಾಶ ಎಂದೂ ಅವಳೇ ಹೇಳಿದಳು.

12.35ಕ್ಕೆ ಭಾಲ್ಕಿ. ಓಂಪ್ರಕಾಶನ ಬೀಜ ಗೊಬ್ಬರದ ಅಂಗಡಿಯಲ್ಲಿ ದೇವರ ಫೋಟೋ ಹನ್ನೆರಡು, ಲೈಸೆನ್ಸ್ ಒಂದು. ಆ ಒಂದಕ್ಕೂ ಧೂಳು ಹಿಡಿದು ಅದು ಲೈಸೆನ್ಸೋ ಪಂಚಾಂಗವೋ ತಿಳಿಯುತ್ತಿರಲಿಲ್ಲ.

“ಡಾಬಕಾದ ಕಾಶೀನಾಥ ಗೊತ್ತೇನು?”

“ಗಿರಾಕಿ ಇರಬಹುದ್ರಿ. ದಿನಾ ನೂರು ಮಂದಿ ಬರ್ತಾರ.”

“ಅವನಿಗೆ ಏನ್ ಕೊಡ್ತೀರಿ?”

“ಬೀಜ. ಗೊಬ್ಬರ.”

“ಹುಲ್ಲಿನ ಎಣ್ಣಿ?”

“ಗ್ಲೈಫೋಸೇಟ್ ಇರಬಹುದ್ರಿ.”

“ಪ್ಯಾರಾಕ್ವಾಟ್?”

“ನಾವು ಆ ಮಾಲ ಇಡೋದೇ ಇಲ್ರಿ ಮೇಡಂ. ಕೆಟ್ಟ ವಿಷ ಅದು. ನನಗೂ ಮಕ್ಕಳದಾರ.”

ಆಮ್ರಪಾಲಿ ಅಂಗಡಿಯ ಕಪಾಟು ತೆಗೆಸಿ ನೋಡಿದಳು. ಇರಲಿಲ್ಲ. ಖಾಸಿಂ ಅಲಿ ಹೊರಗೆ ಬಂದು ನಿಂತ. ಬೆಳಗಿನಿಂದ ಅವನ ಹೊಟ್ಟೆಗೆ ಅರ್ಧ ಕಪ್ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಅವನ ಹೊಟ್ಟೆಯ ಲೆಕ್ಕದಲ್ಲಿ ಅದು ಏಳು ದಿನದ ಉಪವಾಸ. ಅಂಗಡಿಯ ಪಕ್ಕಕ್ಕೇ ಅಂಟಿಕೊಂಡು ಫಕ್ರೋದ್ದೀನನ ಮಿರ್ಚಿ ಭಜಿ ಬಂಡಿ ಇತ್ತು. ನಾಲ್ಕು ಭಜಿ ಕೇಳಿದ. ಫಕ್ರೋದ್ದೀನ ಕಲ್ಲಿನ ಕೆಳಗಿಂದ ಒಂದು ಕಾಗದ ಎಳೆದು, ಭಜಿ ಇಟ್ಟು ಕೊಟ್ಟ.

ಕಾಗದ ತೆಳ್ಳಗಿತ್ತು, ಮಡಿಕೆ ಮಡಿಕೆಯಾಗಿತ್ತು. ಇದ್ದಬದ್ದ ಭಾಷೆಯೆಲ್ಲ ಅದರ ಮೇಲೆ ಜಾತ್ರೆ ನೆರೆದಿತ್ತು. ಕನ್ನಡದ ತುಂಡು ಸರಿಯಾಗಿ ಎರಡನೇ ಭಜಿಯ ಕೆಳಗಿತ್ತು. ಖಾಸಿಂ ಅಲಿ ಭಜಿ ಸರಿಸಿ ಓದಿದ. ಪ್ಯಾರಾಕ್ವಾಟ್ ಡೈಕ್ಲೋರೈಡ್. ಅದರ ಕೆಳಗೆ: ಚರ್ಮಕ್ಕೆ ತಾಗಿದರೆ ಕೂಡಲೇ ಬಟ್ಟೆ ತೆಗೆದು ಸಾಬೂನಿನಿಂದ ತೊಳೆಯಿರಿ. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ.

“ಫಕ್ರು, ಈ ಕಾಗದ ಎಲ್ಲಿದು?”

“ಸೇಠ್ ಕೊಡ್ತಾರ್ರಿ ಸಾಬ್. ಡಬ್ಬಿ ಜೋಡಿ ಬರ್ತಾವಂತ. ಪೇಪರ್ ಛಲೋ ಅದ, ಎಣ್ಣಿ ಹೀರ್ತದ.”

“ಎಷ್ಟ ಅವ?”

ಫಕ್ರೋದ್ದೀನ ಕಲ್ಲು ಎತ್ತಿದ. ಅರವತ್ತಕ್ಕೂ ಹೆಚ್ಚು ಇದ್ದವು. ಎಲ್ಲ ಅದೇ ವಿಷದವು. ಜೀವ ಉಳಿಸುವ ದಾರಿಯನ್ನು ಇದ್ದ ಭಾಷೆಯಲ್ಲೆಲ್ಲ ಬರೆದು ಕಳಿಸಿದ್ದರು. ಅದನ್ನು ಭಾಲ್ಕಿಯ ಅರ್ಧ ಊರು ಭಜಿ ತಿಂದು, ಕೈ ಒರೆಸಿ, ಗಟಾರಕ್ಕೆ ಎಸೆದಿತ್ತು.

ಖಾಸಿಂ ಅಲಿ ಕಾಗದವನ್ನು ಭಜಿಯ ಸಮೇತ ಒಯ್ದು ಓಂಪ್ರಕಾಶನ ಮುಂದೆ ಇಟ್ಟ. “ತಿನ್ರಿ ಸೇಠ್. ಬಿಸಿ ಅದಾವ.”

ಓಂಪ್ರಕಾಶ ನೋಡಿದ. ಅವನ ಮುಖ ಕಡಲೆ ಹಿಟ್ಟಿನ ಬಣ್ಣಕ್ಕೆ ತಿರುಗಿತು.

“ಮೇಡಂ, ಅಂವ ಚೀಟಿ ಕಿತ್ತೇ ಕೊಡ್ರಿ ಅಂತಿದ್ದ. ಡಬ್ಬಿ ಮ್ಯಾಲ ಒಂದಕ್ಷರ ಇರಬಾರ್ದು ಅಂತ ಷರತ್ತು. ನಾ ಬಿಸಿನೀರಾಗ ಅದ್ದಿ ಕಿತ್ತು ಕೊಡ್ತಿದ್ದೆ. ನಂದೇನ ತಪ್ಪರಿ? ಗಿರಾಕಿ ಕೇಳಿದಂಗ...”

“ಎಲ್ಲಿ ಅದ ಮಾಲು?”

“ಹಿಂದಿನ ಗೋದಾಮಿನಾಗ.”

ಇಪ್ಪತ್ತೆರಡು ಡಬ್ಬಿ. ಒಂದರ ಮೇಲೂ ಚೀಟಿ ಇಲ್ಲ. ಪುಕ್ಕ ಕಿತ್ತ ಕೋಳಿಗಳಂತೆ ಸಾಲಾಗಿ ನಿಂತಿದ್ದವು.

1.25ಕ್ಕೆ ಆಮ್ರಪಾಲಿ ಗೋದಾಮಿನಿಂದಲೇ ಫೋನ್ ಮಾಡಿದಳು. “ಸಿಸ್ಟರ್, ಪ್ಯಾರಾಕ್ವಾಟ್. ಪಕ್ಕಾ. ಕಾಗದ ನನ್ನ ಕೈಯಾಗದ.”

ಆ ಕಡೆ ಫೇತ ಡಾಕ್ಟರನ್ನು ಕೂಗಿದ್ದು ಕೇಳಿಸಿತು.

“ಇಪ್ಪತ್ನಾಕು ತಾಸಾತು ಮೇಡಂ,” ಎಂದಳು ಫೇತ. ಫೋನ್ ಇಟ್ಟಳು.

ಓಂಪ್ರಕಾಶನನ್ನು ಅಲ್ಲಿಯೇ ಬಂಧಿಸಿದರು. ಜೀಪು ಹತ್ತುವಾಗ ಅವನು ಅಂಗಡಿ ಮುಚ್ಚಲು ಮಗನಿಗೆ ಫೋನ್ ಮಾಡುತ್ತೇನೆ ಎಂದ. ಅಂಗಡಿಗೆ ಸರಕಾರದ ಬೀಗ ಬೀಳುತ್ತದೆ, ನಿಮ್ಮ ಮಗನಿಗೆ ಯಾಕೆ ತ್ರಾಸು ಎಂದು ಖಾಸಿಂ ಅಲಿ ಬಹಳ ಮರ್ಯಾದೆಯಿಂದ ಹೇಳಿದ.

ಅಂದು ಸಂಜೆ 5 ಗಂಟೆಗೆ ಆಮ್ರಪಾಲಿ ಬೀದರಿನ ಆಸ್ಪತ್ರೆಗೆ ಹೋಗಿ, ಡಾಕ್ಟರ ಸಮಕ್ಷಮ ಸಿದ್ದೇಶ್ವರಿಯ ಹೇಳಿಕೆ ಬರೆದುಕೊಂಡಳು. ಮೂಗಿನ ನಳಿಗೆ ತೆಗೆದಿದ್ದರು. ಪ್ರತಿ ಮೂರು ಮಾತಿಗೆ ಒಮ್ಮೆ ನಿಂತು ಉಸಿರು ಹುಡುಕುತ್ತಿದ್ದಳು. ಆದರೂ ಅತ್ತೆಯ ಸೊಸೆ, ಬಾಯಿ ಸೋತಿರಲಿಲ್ಲ.

“ಹೆಸರ ಸಿಕ್ತಂತ್ರಿ ಮೇಡಂ?”

“ಸಿಕ್ತು.”

“ಕಾಶಣ್ಣಗ ಕೇಳಿದ್ದೆ ನಾ. ಇದು ವಿಷ ಏನಣ್ಣಾ ಅಂತ. ಹುಲ್ಲಿಗಿ ಅಷ್ಟೇ ವಿಷ, ಮನಷ್ಯಾರಿಗಿ ಟಾನಿಕ್ ಅಂದ. ಹಂಗಾರ ಒಂದ್ ಗುಟುಕ ಕುಡದ್ ತೋರ್ಸು ಅಂದೆ.”

“ಏನಂದ?”

“ನಕ್ಕ.” ಅವಳು ಕಣ್ಣು ಮುಚ್ಚಿದಳು. “ಬೆನ್ನು ಉರೀತದ ಅಂದ್ರ, ಬಿಸಿಲಿಗಿ ಹಂಗೇ ಆಗ್ತದ, ನಾಳಿ ಬಾ ಅಂದ. ಹೋದೆ. ನಾ ಹುಚ್ಚಿ... ಹೋದೆ.” ಬಹಳ ಹೊತ್ತಿನ ಮೇಲೆ ಮತ್ತೆ ಅಂದಳು. “ಅತ್ತಿಗಿ ಕೌದಿ ವಿಚಾರ ಹೇಳಬ್ಯಾಡ್ರಿ.”

ಆಮ್ರಪಾಲಿ ಹೇಳಿಕೆಯ ಕೆಳಗೆ ಹೆಬ್ಬೆಟ್ಟು ತೆಗೆದುಕೊಂಡಳು. ಆ ಹುಡುಗಿಗೆ ಸಹಿ ಬರುತ್ತಿತ್ತು, ಪೆನ್ನು ಹಿಡಿಯಲು ಬಲವಿರಲಿಲ್ಲ.

ಆಗಸ್ಟ್ 23, ಶನಿವಾರ, ಬೆಳಿಗ್ಗೆ 6.15ಕ್ಕೆ ಸಿದ್ದೇಶ್ವರಿ ತೀರಿಕೊಂಡಳು. ಮೊದಲ ದಿನವೇ ಹೆಸರು ತಿಳಿದಿದ್ದರೆ ಉಳಿಯುತ್ತಿದ್ದಳೇ ಎಂದು ಆಮ್ರಪಾಲಿ ಕೇಳಿದಳು. ಉಳಿಯುತ್ತಿದ್ದಳು ಎಂದು ಹೇಳಲಾರೆ, ಆದರೆ ಉಳಿಯುವ ದಾರಿ ಇತ್ತು, ಅದನ್ನು ಕಾಶೀನಾಥ ನಮ್ಮ ಕೈಯಿಂದಲೇ ಮುಚ್ಚಿಸಿದ ಎಂದರು ಡಾಕ್ಟರು. ಶವಪರೀಕ್ಷೆಯ ಕೋಣೆಯ ಹೊರಗೆ ಕಾಂತಾಬಾಯಿ ಕೂತಿದ್ದಳು. ಅವಳು ಏನೋ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತ ಮಗನಿಗೂ ಅದು ಕೇಳಿಸಲಿಲ್ಲ.

ಎಫ್‌ಐಆರಿಗೆ ಕಲಂ 105 ಮತ್ತು 238 ಸೇರಿದವು. ಕೊಲೆಯಲ್ಲದ ದಂಡನೀಯ ನರಹತ್ಯೆ, ಸಾಕ್ಷ್ಯ ಮರೆಮಾಡಿ ಸುಳ್ಳು ಮಾಹಿತಿ ಕೊಟ್ಟದ್ದು. ಕೀಟನಾಶಕ ಕಾಯಿದೆಯ ಕಲಂಗಳು ಬೇರೆ.

ಕಾಶೀನಾಥನ ಫೋನು ಆರು ದಿನ ಬಂದ್ ಆಗಿತ್ತು. ಆಗಸ್ಟ್ 25, ಸೋಮವಾರ ಮಧ್ಯಾಹ್ನ 2 ಗಂಟೆಗೆ ಚಾಲೂ ಆಯಿತು. ಟವರು ಬೀದರಿನ ಚಿದ್ರಿಯದು. ಚಿದ್ರಿಯಲ್ಲಿ ನೂರಾರು ಮನೆ. ಆಮ್ರಪಾಲಿ ಮತ್ತು ಖಾಸಿಂ ಅಲಿ ಗಲ್ಲಿ ಗಲ್ಲಿ ನಡೆದರು. ಮಳೆಗಾಲದ ಚಿದ್ರಿ ಹೇಗಿತ್ತೆಂದರೆ ಗೋಡೆಯ ಮೇಲೆ ಹುಲ್ಲು, ಚರಂಡಿಯಲ್ಲಿ ಹುಲ್ಲು, ನಿಲ್ಲಿಸಿಟ್ಟ ಸೈಕಲ್ಲಿನ ಸೀಟಿನಲ್ಲೂ ಹುಲ್ಲು. ಮೂರನೇ ಗಲ್ಲಿಯ ಕೊನೆಗೆ ಒಂದು ಮನೆಯ ಹಿತ್ತಿಲು ಮಾತ್ರ ತಂಬಾಕಿನ ಬಣ್ಣಕ್ಕೆ ಸುಟ್ಟು ಮಲಗಿತ್ತು.

ಖಾಸಿಂ ಅಲಿ ನಿಂತ. “ಮೇಡಂ. ಅಡ್ರೆಸ್ ಬರೆದಿಟ್ಟಾನ.”

ಅದು ಕಾಶೀನಾಥನ ಅಕ್ಕನ ಮನೆ. ಆರು ದಿನ ಉಂಡ ಋಣಕ್ಕೆ ಹಿತ್ತಿಲಿನ ಹುಲ್ಲು ಒಣಗಿಸಿ ಕೊಟ್ಟಿದ್ದ. ಓಡಲಿಲ್ಲ. ಕಟ್ಟೆಯ ಮೇಲೆ ಕೂತವನು ಎದ್ದು ನಿಂತ. 4.20ಕ್ಕೆ ಬಂಧಿಸಿ, ಅಕ್ಕನ ಸಹಿ ಪಡೆದು, ಬಂಧನದ ಪತ್ರ ಬರೆದರು. ಜೇಬಿನಲ್ಲಿದ್ದದ್ದು ಒಂದು ಬಾಚಣಿಗೆ, ಒಂದು ಫೋನು.

ಫೋನನ್ನು ಲಕೋಟೆಗೆ ಹಾಕುವಷ್ಟರಲ್ಲಿ ಅದು ಹೊಡೆದುಕೊಂಡಿತು. ಆಮ್ರಪಾಲಿ ಎತ್ತಿ ಸ್ಪೀಕರ್ ಒತ್ತಿದಳು.

“ಕಾಶಣ್ಣಾ, ಕಮಠಾಣದಿಂದ ಮಾತಾಡ್ಲಕತ್ತೀನಿ. ಎಷ್ಟ ದಿನಾತು ಫೋನ್ ಹಚ್ಚಿ! ಉದ್ದು ಇನ್ನಾ ಹಸೀ ಅದ, ನಾಡದ್ದ ಮಶೀನ್ ಬರ್ತದ. ಬಂದು ಹೊಡದು ಹೋಗು.”

“ನಾನು ಔರಾದ ಠಾಣಿ ಪಿಎಸ್‌ಐ. ಕಾಶೀನಾಥ ಬರಲ್ಲ. ಅಂವ ಹೊಡೀತಿದ್ದದ್ದು ಪ್ಯಾರಾಕ್ವಾಟ್. ಅದನ್ನ ಹೊಡೆದ ಹೆಣ್ಮಗಳು ಶನಿವಾರ ಸತ್ತಾಳ. ಇಪ್ಪತ್ತಾರು ವರ್ಷ. ತಿನ್ನೋ ಉದ್ದಿಗಿ ಅದನ್ನ ಹೊಡೆಯಾಂಗಿಲ್ಲ. ತಿಳೀತೇನ್ರಿ?”

ಆ ಕಡೆಯವನು ಗಾಬರಿಯಾಗಿ “ಅಯ್ಯೋ ಶಿವನೇ” ಎಂದ. ಪಾಪ ಎಂದ. ತಿಳೀತ್ರಿ ಎಂದ. ಆಮೇಲೆ ಸ್ವಲ್ಪ ತಡೆದು ಕೇಳಿದ.

“ಏನ್ ಹೆಸರಂದ್ರಿ ಮೇಡಂ? ಪ್ಯಾರಾ...? ಅದು ಭಾಲ್ಕ್ಯಾಗ ಸಿಗ್ತದೇನ್ರಿ?”

ಕಾಶೀನಾಥ ತಲೆ ಎತ್ತದೆ ಅಂದ.

“ಕೇಳಿದ್ರೇನ್ರಿ? ಇದಕ್ಕೇ.”

ಅವನ ಹೇಳಿಕೆಯಲ್ಲಿ ಬರೆದದ್ದು ಬಹಳವೇನಿಲ್ಲ. ಒಂಬತ್ತು ವರ್ಷದ ಹಿಂದೆ ಡಾಬಕಾ ಸುತ್ತ ಎಣ್ಣೆ ಹೊಡೆಯುವ ಕೆಲಸ ಮೊದಲು ಕಲಿತವನು ಅವನೇ. ಆಗ ಚೀಟಿ ಕೀಳುತ್ತಿರಲಿಲ್ಲ. ಜೊತೆಗಾರನೊಬ್ಬ ಎಣ್ಣೆಯ ಹೆಸರು ಕೇಳಿದ, ಕಾಶೀನಾಥ ಪ್ರೀತಿಯಿಂದ ಹೇಳಿದ. ಮುಂದಿನ ಹಂಗಾಮಿಗೆ ಮನೆ ಮನೆಯಲ್ಲೂ ಪಂಪು ಬಂತು. ಕಾಶಣ್ಣ ಎಂದು ಕರೆದು ಮುಂದಿನ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದವರು ರಸ್ತೆಯಲ್ಲಿ ಕಂಡರೂ ಮುಖ ತಿರುಗಿಸಿದರು. ಎರಡು ವರ್ಷದ ಮೇಲೆ ಉದ್ದು ಒಣಗಿಸುವ ಈ ಎಣ್ಣೆ ಸಿಕ್ಕಿತು. ಮತ್ತೆ ಕಟ್ಟೆ, ಮತ್ತೆ ಚಹಾ. ಈ ಸಲ ಡಬ್ಬಿಯ ಮೇಲೆ ಒಂದಕ್ಷರವೂ ಇರಬಾರದೆಂದು ಆಣೆ ಮಾಡಿದ್ದ. ಪೊಲೀಸರು ಬಾಗಿಲಿಗೆ ಬಂದು, ಹೆಸರಿನ ಮೇಲೆ ಒಂದು ಜೀವ ಇದೆ ಎಂದಾಗಲೂ ಅವನಿಗೆ ಮೊದಲು ನೆನಪಾದದ್ದು ಆ ಕಟ್ಟೆ. “ಹುಡುಗಿ ನಾಕು ದಿನಕ್ಕ ಎದ್ದು ಬರ್ತಾಳ ಅನ್ಕೊಂಡಿದ್ದೆ. ಬಾಯಿಂದ ಹೊರಗ ಬಿದ್ದ ಹೆಸರು ತಿರುಗಿ ಬರಲ್ಲರಿ,” ಎಂದಿದ್ದಾನೆ. ಅದನ್ನು ಹಾಗೆಯೇ ಬರೆದುಕೊಳ್ಳಲಾಗಿದೆ.

ಆಮ್ರಪಾಲಿ ಕಮಠಾಣದ ನಂಬರನ್ನು ಕೈಮೇಲೆ ಬರೆದುಕೊಂಡಳು. ಕಮಠಾಣ ಅವಳ ಠಾಣೆಯ ಹದ್ದಿನಲ್ಲಿ ಬರುವುದಿಲ್ಲ.

“ಮೇಡಂ, ಔರಾದಕ್ಕ ಬಿಡ್ಲೇನ್ರಿ?” ಖಾಸಿಂ ಅಲಿ ಕೇಳಿದ.

“ಮೊದಲ ಕಮಠಾಣ. ಅಲ್ಲಿ ಪಂಪ ಹೊರೋ ಹೆಂಗಸರು ಯಾರದಾರ, ನೋಡ್ಕೊಂಡ ಹೋಗೋಣ.”